ಪಂಚಾಮೃತವೋ, ಕಲಗಚ್ಚೋ?

ಓದುಗರ ಪತ್ರ (ಸಾರ ಮಾತ್ರ):

ಸಂಪಾದಕರಿಗೆ ನಮಸ್ಕಾರ. ದೀಪಾವಳಿ ಸಂಚಿಕೆಯಲ್ಲಿ ಓದುಗರ ಮೆಚ್ಚಿನ ಹಾಡುಗಳ ಪಟ್ಟಿ ಹಾಕಿದ್ದೀರಿ. ಮಲ್ಲಿಕಾರ್ಜುನ ಮನ್ಸೂರರ ಕೆಳಗೆ ಸಿನಿಮಾ ಹಾಡು, ಅದರ ಕೆಳಗೆ ಸ್ಯಾಕ್ಸೋಫೋನು, ಅದರ ಕೆಳಗೆ ಕೋಲಾಟದ ಪದ. ಇದು ಪಂಚಾಮೃತ ಅಲ್ಲ, ಕಲಗಚ್ಚು. ಒಂದೊಂದಕ್ಕೂ ಅದರದರ ಮರ್ಯಾದೆ ಬೇಡವೇ? ಇನ್ನೊಂದು, ನೀವು ಕಲಾವಿದರನ್ನು ನೆನೆಯುವುದು ಅವರು ತೀರಿಕೊಂಡ ಮೇಲೆಯೇ. ಮತ್ತೊಂದು, ಷರೀಫರ ಪದದ ಮುಂದೆ ಅಶ್ವತ್ಥ್ ಹೆಸರು ಮಾತ್ರ ಇದೆ. ನಮ್ಮ ಭಜನಾ ಮೇಳದಲ್ಲಿ ಅದನ್ನು ಹಾಡುವ ಧಾಟಿಯೇ ಬೇರೆ. ಆ ಧಾಟಿ ಎಲ್ಲಿ ಹೋಯಿತು? ಕಡೆಗೆ, ಎಲ್ಲರ ಹಾಡು ಕೇಳಿದ ಸಂಪಾದಕರು ತಮ್ಮ ಹಾಡು ಯಾವುದೆಂದು ಹೇಳದೆ ಜಾಣತನದಿಂದ ಜಾರಿಕೊಂಡಿದ್ದಾರೆ.
(ನಿವೃತ್ತ ಶಿಕ್ಷಕರು, ರಾಣೇಬೆನ್ನೂರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮಾಸ್ತರೇ, ನಮಸ್ಕಾರ.

ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗ ಸಾಲದೆ ಕತ್ತರಿ ಆಡಿಸಿದ್ದೇನೆ, ಕ್ಷಮಿಸಿ. ‘ಕಲಗಚ್ಚು’ ಅನ್ನುವ ಮಾತನ್ನು ಮಾತ್ರ ಮುಟ್ಟಲಿಲ್ಲ. ನಮ್ಮ ಪುಟ ಜೋಡಿಸುವ ಹುಡುಗನಿಗೆ ಆ ಪದ ಗೊತ್ತಿರಲಿಲ್ಲ. ಅಕ್ಕಿ ತೊಳೆದ ನೀರು, ಉಳಿದ ಗಂಜಿ, ತರಕಾರಿ ಸಿಪ್ಪೆ ಎಲ್ಲ ಒಂದೇ ಬಾನಿಗೆ ಸುರಿದು ದನಕ್ಕೆ ಇಡುವುದು ಕಣಪ್ಪಾ ಅಂದೆ. ‘ದನ ಕುಡಿಯುತ್ತಾ ಸಾರ್?’ ಅಂತ ಕೇಳಿದ. ಮೂತಿ ಅದ್ದಿಕೊಂಡು ಕುಡಿಯುತ್ತೆ ಅಂದೆ. ಹಾಗಾಗಿ ನಾವ್ಯಾರೂ ಅದನ್ನು ಬೈಗುಳ ಅಂತ ತೆಗೆದುಕೊಂಡಿಲ್ಲ.

ಈಗ ನಿಮ್ಮ ಮೊದಲ ತಕರಾರಿಗೆ ಬರುತ್ತೇನೆ. ಅದಕ್ಕೆ ನಿಮ್ಮ ಊರಿಗೆ ದೂರವಲ್ಲದ ಗದಗಿಗೇ ಹೋಗೋಣ. 1930ರ ದಶಕದ ಆರಂಭ. ರೋಣದಲ್ಲಿ ಹುಟ್ಟಿದ, ಶಾಲಾ ಮಾಸ್ತರರ ಮಗ ಒಬ್ಬ ಹುಡುಗ. ಅವನು ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿ ಕೇಳಿದ. ಝಿಂಝೋಟಿ ರಾಗ, ‘ಪಿಯಾ ಬಿನ ನಹೀ ಆವತ ಚೈನ’. ಕೇಳಿದ್ದೇ ತಡ, ಹುಡುಗನಿಗೂ ಚೈನು ಹೋಯಿತು. ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದ. ಟಿಕೆಟ್ ಇಲ್ಲದ ರೈಲು, ಹಾಡಿ ಗಿಟ್ಟಿಸಿದ ಊಟ. ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಲ್ಲ ಸುತ್ತಿದ. ಕೊನೆಗೆ ಗುರು ಸಿಕ್ಕಿದ್ದು ಎಲ್ಲಿ? ಕುಂದಗೋಳದಲ್ಲಿ! ಮನೆಯಿಂದ ಒಂದು ದಿನದ ದಾರಿಯೂ ಇಲ್ಲ.

ಭೀಮಸೇನ ಜೋಶಿಯವರ ಈ ಕಥೆ ನಿಮಗೆ ಗೊತ್ತಿರದ್ದೇನಲ್ಲ. ಆದರೂ ಯಾಕೆ ಹೇಳಿದೆ ಅಂದರೆ, ಆ ಹುಡುಗನನ್ನು ಮನೆಯಿಂದ ಎಳೆದದ್ದು ಮೂರು ಗಂಟೆಯ ಖಯಾಲ್ ಅಲ್ಲ. ಮೂರು ನಿಮಿಷದ ಠುಮ್ರಿ. ದೊಡ್ಡ ಸಂಗೀತದವರು ‘ಹಗುರ’ ಅಂತ ಪಕ್ಕಕ್ಕೆ ಇಡುವ ಜಾತಿಯದು. ಅದೂ ಎದುರಿಗೆ ಕೂತು ಕೇಳಿದ್ದಲ್ಲ, ಮುಳ್ಳಿನ ಕರಕರ ಸದ್ದಿನ ಜೊತೆ ತಟ್ಟೆಯಿಂದ ಬಂದದ್ದು.

ಇನ್ನು ಆ ಗುರು ಸವಾಯಿ ಗಂಧರ್ವರು ಯಾರು? ಮರಾಠಿ ನಾಟಕದಲ್ಲಿ ಹೆಣ್ಣು ವೇಷ ಹಾಕಿ ರಂಗಗೀತೆ ಹಾಡಿ ಹೆಸರು ಮಾಡಿದವರು. ಅವರ ಗುರು ಅಬ್ದುಲ್ ಕರೀಂ ಖಾನರು? ಉತ್ತರದ ಕಿರಾನಾದವರು, ಮೈಸೂರು ಅರಮನೆಗೆ ಬಂದು ಹೋಗುತ್ತಿದ್ದವರು, ಕರ್ನಾಟಕ ಸಂಗೀತಕ್ಕೆ ಕಿವಿಗೊಟ್ಟು ತ್ಯಾಗರಾಜರ ಕೃತಿಯನ್ನೇ ತಟ್ಟೆಗೆ ಹಾಡಿದವರು. ಆ ಕಾಲಕ್ಕೆ ಇದೆಂಥ ಕಲಗಚ್ಚು ಅಂತ ಯಾರೋ ಒಬ್ಬರು ಗೊಣಗಿಯೇ ಇರುತ್ತಾರೆ, ಅಲ್ವಾ?

ಮನ್ಸೂರರನ್ನು ಎಲ್ಲರಿಗಿಂತ ಮೇಲಿನ ಹಲಗೆಯಲ್ಲಿ ಇಡಬೇಕು ಅಂದಿದ್ದೀರಿ. ಆ ಹಲಗೆಯ ಬಗ್ಗೆ ನನ್ನದೇನೂ ಜಗಳವಿಲ್ಲ. ಆದರೆ ಅವರು ಅಲ್ಲಿಗೆ ಹತ್ತಿದ ಮೆಟ್ಟಿಲು ನೋಡಿ. ಧಾರವಾಡದ ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ನಾಟಕ ಕಂಪನಿ. ಮೊದಲು ಕಲಿತದ್ದು ಅಪ್ಪಯ್ಯಸ್ವಾಮಿಗಳ ಹತ್ತಿರ ಕರ್ನಾಟಕ ಸಂಗೀತ. ಆಮೇಲೆ ಮಿರಜಿನಲ್ಲಿ ನೀಲಕಂಠಬುವಾ ಅವರಿಂದ ಗ್ವಾಲಿಯರ್ ಶೈಲಿಯ ಹಾಡುಗಾರಿಕೆ. ಆಮೇಲೆ ಮಂಜಿಖಾನ್, ಭುರ್ಜಿಖಾನ್ ಅವರಿಂದ ಜೈಪುರ ಘರಾನೆ, ಅಂದರೆ ಆ ಪರಂಪರೆಯ ಹಾಡುಗಾರಿಕೆ. ಯಾರೂ ಕೇಳಿರದ ಅಪರೂಪದ ರಾಗಗಳನ್ನೆಲ್ಲ ಸಭೆಯಲ್ಲಿ ಹರಡಿ, ಆ ಮೇಲೆ ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’ ಅಂತ ವಚನ ಎತ್ತಿಕೊಳ್ಳುತ್ತಿದ್ದರು. ಆ ವಚನ ಮಾತ್ರ ಗೊತ್ತಿದ್ದು ರಾಗದ ಹೆಸರು ಒಂದೂ ಗೊತ್ತಿಲ್ಲದ ಅಜ್ಜಿಯರನ್ನು ನಾನು ಕಂಡಿದ್ದೇನೆ. ಅವರಿಗೂ ಮನ್ಸೂರರು ಅಂದರೆ ಮನ್ಸೂರರೇ.

ಕುಮಾರ ಗಂಧರ್ವರದು ಇನ್ನೂ ವಿಚಿತ್ರ. ಬೆಳಗಾವಿ ಹತ್ತಿರದ ಸುಳೇಭಾವಿಯವರು, ಹುಟ್ಟುಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ. ಚಿಕ್ಕ ಹುಡುಗನಾಗಿದ್ದಾಗಲೇ ದೊಡ್ಡ ಉಸ್ತಾದರ ಹಾಗೆ ಹಾಡಿ ಊರೂರು ಬೆರಗಾಗಿಸಿದವರು. ಇಪ್ಪತ್ತನಾಲ್ಕು ವಯಸ್ಸು ಆಗುವಷ್ಟರಲ್ಲಿ ಕ್ಷಯ. ಹವಾ ಬದಲಾವಣೆಗೆ ಮಧ್ಯಪ್ರದೇಶದ ದೇವಾಸಿಗೆ ಹೋಗಿ ಹಾಸಿಗೆ ಹಿಡಿದರು. ಹಾಡುವ ಹಾಗಿಲ್ಲ ಅಂತ ವೈದ್ಯರ ಅಪ್ಪಣೆ. ವರ್ಷಗಟ್ಟಲೆ ಮಲಗಿದಲ್ಲೇ ಕಿಟಕಿಯಾಚೆ ಮಾಳವದ ಹೆಂಗಸರು ಹಾಡುವುದನ್ನು, ಭಿಕ್ಷೆಗೆ ಬಂದ ಜೋಗಿಗಳು ಕಬೀರನನ್ನು ಹಾಡುವುದನ್ನು ಕೇಳಿದರು. ಎದ್ದು ಕೂತಾಗ ಒಂದು ಶ್ವಾಸಕೋಶ ಸರಿಯಿರಲಿಲ್ಲ. ಆದರೆ ಆ ಹಳ್ಳಿ ಹಾಡುಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಹೀಗಿರುವಾಗ ಹಳ್ಳಿ ಹಾಡನ್ನು ಶಾಸ್ತ್ರೀಯದ ಕೆಳಗೆ ಇಡಲಾ, ಮೇಲೆ ಇಡಲಾ? ಪುಟ ಜೋಡಿಸುವ ಹುಡುಗನನ್ನು ಕೇಳಿದರೆ ಪಕ್ಕಪಕ್ಕ ಇಡಿ ಸಾರ್, ಜಾಗ ಉಳಿಯುತ್ತೆ ಅನ್ನುತ್ತಾನೆ.

ಇಷ್ಟೆಲ್ಲ ವಾದ ಮಾಡಿದ ಮೇಲೆ, ನಿಮ್ಮ ಕಡೆಗೂ ಒಂದು ಮಾತಿದೆ. ಅದನ್ನು ನೀವೇ ಬರೆಯಬಹುದಿತ್ತು, ಬರೆದಿಲ್ಲ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಅಬ್ದುಲ್ ಕರೀಂ ಖಾನರೇ ಬಂದು ಅವರ ಹಾಡು ಕೇಳುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯಲು ಶುರು ಮಾಡಿದಾಗ ಈ ತಾಯಿ ಏನು ಮಾಡಿದರು ಗೊತ್ತಾ? ಮನೆಯಲ್ಲಿ ತಾವು ಹಾಡುವುದನ್ನೇ ನಿಲ್ಲಿಸಿದರು. ಮಗಳ ಕಿವಿ ಗಲಿಬಿಲಿ ಆಗಬಾರದು ಅಂತ. ಆ ಮಗಳು ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ, ಒಂದೊಂದು ಪಲುಕನ್ನು ದಿನಗಟ್ಟಲೆ ತಿದ್ದಿ ಕಲಿತರು. ಬೆರೆಸಬಾರದ ಹೊತ್ತು ಒಂದಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಕಲಿಯುವವರಿಗೆ ಬೇಲಿ ಬೇಕು, ಒಪ್ಪಿದೆ. ಆದರೆ ನಾವು ಪಟ್ಟಿ ಕೇಳಿದ್ದು ಕಲಿಯುವವರನ್ನಲ್ಲ, ಕೇಳುವವರನ್ನು. ಬಸ್ಸಿನಲ್ಲಿ ಕೂತವನ ಕಿವಿಗೆ ಯಾವ ಬೇಲಿ ಹಾಕುತ್ತೀರಿ?

ಸ್ಯಾಕ್ಸೋಫೋನಿನ ಮೇಲೆ ನಿಮಗೆ ಸಿಟ್ಟು ಜಾಸ್ತಿ ಇದ್ದಂತಿದೆ. ಪತ್ರದಲ್ಲಿ ಅದಕ್ಕೆ ‘ಪರದೇಶಿ ಪೀಪಿ’ ಅಂದಿದ್ದೀರಿ. (ಅದನ್ನು ಮೇಲೆ ಹಾಕಲಿಲ್ಲ, ಮಂಗಳೂರಿನ ಓದುಗರು ನಿಮ್ಮ ವಿಳಾಸ ಕೇಳಿಯಾರು.) ಪಿಟೀಲೂ ಪರದೇಶದ್ದೇ ಅಲ್ವಾ ಮಾಸ್ತರೇ? ನಮ್ಮ ತಿರುಮಕೂಡಲು ಚೌಡಯ್ಯನವರು ಅದಕ್ಕೆ ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಕಟ್ಟಿದರು. ಇವತ್ತು ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಇನ್ನು ಕದ್ರಿ ಗೋಪಾಲನಾಥರು ಬಂಟ್ವಾಳದ ಕಡೆಯವರು. ತಂದೆ ನಾಗಸ್ವರ ನುಡಿಸುತ್ತಿದ್ದರು, ಮಗನೂ ಅದನ್ನೇ ಕಲಿತ. ಹುಡುಗನಾಗಿದ್ದಾಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತ. ಬೆಲ್ಜಿಯಂನವನೊಬ್ಬ ಬ್ಯಾಂಡಿಗೆಂದು ಮಾಡಿದ ವಾದ್ಯ ಅದು. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅದಕ್ಕೆ ಗೊತ್ತೇ ಇಲ್ಲ. ಅದನ್ನು ತುಟಿ, ಉಸಿರು, ಬೆರಳಲ್ಲಿ ಪಳಗಿಸಲು ಅವರಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೋಮ್ಸ್ ಸಂಗೀತೋತ್ಸವಕ್ಕೆ ಅವರನ್ನು ಕರೆದರು. ಕರ್ನಾಟಕ ಸಂಗೀತದವರಲ್ಲಿ ಆ ಕರೆ ಮೊದಲು ಬಂದದ್ದು ಅವರಿಗೇ. ಅದೇ ವರ್ಷ ತಮಿಳಿನ ‘ಡ್ಯುಯೆಟ್’ ಚಿತ್ರಕ್ಕೆ ಎ.ಆರ್. ರೆಹಮಾನ್ ಅವರ ಸಂಗೀತದಲ್ಲಿ ನುಡಿಸಿದರು. ಅಲ್ಲೂ ಅದೇ ಮನುಷ್ಯ, ಇಲ್ಲೂ ಅದೇ ಮನುಷ್ಯ.

ಸಿನಿಮಾ ಹಾಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಸನಾದಿ ಅಪ್ಪಣ್ಣ’ ನೆನಪಿಸಿಕೊಳ್ಳಿ, ಸಾಕು. 1977ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. ತೆರೆಯ ಮೇಲೆ ರಾಜಕುಮಾರ್ ಕೈಯಲ್ಲಿ ಶಹನಾಯಿ, ಹಿಂದೆ ಉಸಿರು ಬಿಸ್ಮಿಲ್ಲಾ ಖಾನರದು. ‘ಕರೆದರೂ ಕೇಳದೆ’ ಹಾಡಿನಲ್ಲಿ ಎಸ್. ಜಾನಕಿ ಒಂದು ಸಾಲು ಹೇಳಿದರೆ ಶಹನಾಯಿ ಅದನ್ನು ಎತ್ತಿಕೊಂಡು ಮುಂದೆ ಹೋಗುತ್ತದೆ. ಕಾಶಿಯ ಉಸ್ತಾದರು, ಆಂಧ್ರದ ಗಾಯಕಿ, ನಿಮ್ಮ ಕಡೆಯ ಮದುವೆ ಮನೆಗಳಲ್ಲಿ ಊದುವ ಸನಾದಿಯ ಕಥೆ. ಇದನ್ನು ಯಾವ ಕಪಾಟಿನಲ್ಲಿ ಇಡೋಣ ಹೇಳಿ. ಅಂದಹಾಗೆ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್ಪಿಬಿ ತೆಲುಗಿನವರು, ಜಾನಕಿಯವರೂ ಅಷ್ಟೆ. ನಮ್ಮ ಮಕ್ಕಳಿಗೆ ಕನ್ನಡದ ಒತ್ತಕ್ಷರ ಸ್ಪಷ್ಟವಾಗಿ ಕೇಳಿಸಿದ್ದು ಇವರ ಬಾಯಲ್ಲಿ. ಇದನ್ನು ನಿಮ್ಮಂಥ ಕನ್ನಡ ಮಾಸ್ತರರಿಗೆ ಹೇಳಲು ಸ್ವಲ್ಪ ಭಯವೇ.

ಎರಡನೇ ತಕರಾರಿಗೆ ನನ್ನಲ್ಲಿ ಸಮರ್ಥನೆ ಇಲ್ಲ. ಸತ್ತ ಮೇಲೆ ನೆನೆಯುತ್ತೇವೆ, ನಿಜ. ಕಚೇರಿಯ ಒಳಗುಟ್ಟು ಹೇಳಿಬಿಡುತ್ತೇನೆ. ವಯಸ್ಸಾದ ದೊಡ್ಡವರ ಬಗ್ಗೆ ಬರಹಗಳು ನಮ್ಮಲ್ಲಿ ಮೊದಲೇ ಸಿದ್ಧ ಇರುತ್ತವೆ. ಕೊನೆಯ ಪ್ಯಾರಾ ಮಾತ್ರ ಖಾಲಿ. ಸಂದರ್ಶನವೋ, ಮುಂದಿನ ಸಲ ಆ ಊರಿಗೆ ಹೋದಾಗ ಮಾಡೋಣ ಅಂತ ಮುಂದೂಡುತ್ತೇವೆ. ಪಿ.ಬಿ. ಶ್ರೀನಿವಾಸ್ ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ದಿನವೂ ಕೂರುತ್ತಿದ್ದರು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಮುಂದೆ ಕಾಗದ. ಎಂಟು ಭಾಷೆಯಲ್ಲಿ ಪದ್ಯ ಬರೆಯುತ್ತಿದ್ದರು. ಬಂದವರನ್ನು ಮಾತಾಡಿಸದೆ ಕಳಿಸುತ್ತಿರಲಿಲ್ಲ. ಒಂದು ಕಾಫಿಗೆ ಎಷ್ಟು ಹೊತ್ತು ಆಗುತ್ತಿತ್ತು? ನಾನು ಎರಡು ಸಲ ಆ ಊರಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಎರಡು ಸಲವೂ ರೈಲಿಗೆ ತಡವಾಗುತ್ತೆ ಅಂತ ವಾಪಸ್ ಬಂದೆ. 2013ರ ಏಪ್ರಿಲ್‌ನಲ್ಲಿ ಅವರು ಹೋದರು. ನಾನು ಬರೆದ ಶ್ರದ್ಧಾಂಜಲಿ ಚೆನ್ನಾಗಿತ್ತು ಅಂತ ನಾಲ್ಕು ಜನ ಹೇಳಿದರು. ಅದನ್ನು ಈಗಲೂ ತೆಗೆದು ಓದಲು ಮನಸ್ಸಾಗುವುದಿಲ್ಲ.

ಮೂರನೆಯ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದ ತೂಕವೆಲ್ಲ ಇದರಲ್ಲೇ ಇರುವುದು.

ಶಿಶುನಾಳ ಷರೀಫರು ನಿಮ್ಮ ಜಿಲ್ಲೆಯವರೇ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಆಗ ತಟ್ಟೆ ಇಲ್ಲ, ಟೇಪು ಇಲ್ಲ. ಅವರ ಪದ ಉಳಿದದ್ದು ಗುಡಿಯ ಕಟ್ಟೆಯ ಮೇಲೆ, ಅಮಾವಾಸ್ಯೆಯ ಭಜನೆಯಲ್ಲಿ, ಏಕತಾರಿ ಹಿಡಿದವರ ಬಾಯಲ್ಲಿ. ಊರಿಗೊಂದು ಧಾಟಿ. ಹೀಗೆ ಸುಮಾರು ನೂರು ವರ್ಷ ನಡೆಯಿತು. ಆಮೇಲೆ ಕ್ಯಾಸೆಟ್ ಬಂತು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂದಾಗ ಅದು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಅದರ ಬೆನ್ನಿಗೆ ಸಾಲುಸಾಲು. ಸಿ. ಅಶ್ವತ್ಥ್ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಹಾಡು ಕಟ್ಟಿದವರು. ಷರೀಫರ ಪದಗಳನ್ನು ಅವರು ಎತ್ತಿಕೊಂಡ ಮೇಲೆ ‘ಕೋಡಗನ ಕೋಳಿ ನುಂಗಿತ್ತ’ ಹಾಡದ ಶಾಲೆ ಇಲ್ಲ. ಅವರು ಕಿರುಚುತ್ತಾರೆ ಅನ್ನುವವರಿದ್ದಾರೆ. ನನಗೆ ಆ ಏರುದನಿಯೇ ಇಷ್ಟ. ಮೈಕಿಲ್ಲದ ಬಯಲಲ್ಲಿ ನಿಂತು ಹಾಡಿದ ಹಾಗಿರುತ್ತದೆ. ಡಿಸೆಂಬರ್ 29ಕ್ಕೆ ಹುಟ್ಟಿ, ಎಪ್ಪತ್ತು ತುಂಬಿದ ಅದೇ ಡಿಸೆಂಬರ್ 29ಕ್ಕೆ ಹೋದರು. ಷರೀಫರನ್ನು ಬೀದರಿನಿಂದ ಚಾಮರಾಜನಗರದವರೆಗೆ ಮುಟ್ಟಿಸಿದ್ದು ಅವರೇ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಒಂದು ಧಾಟಿ ಎಲ್ಲ ಊರಿಗೂ ಮುಟ್ಟಿದಾಗ ಉಳಿದ ಧಾಟಿಗಳಿಗೆ ಏನಾಗುತ್ತದೆ ಅಂತ ನಾವು ಕೇಳಲಿಲ್ಲ. ಕ್ಯಾಸೆಟ್ಟು ಬಸ್ಸಿನಲ್ಲಿ ಹಾಡಿತು, ಚಹಾದಂಗಡಿಯಲ್ಲಿ ಹಾಡಿತು. ಹುಡುಗರು ಅದನ್ನು ಕೇಳಿ ಕಲಿತರು. ಶಾಲೆಯ ಸ್ಪರ್ಧೆಯಲ್ಲಿ ಅದನ್ನೇ ಹಾಡಿದರು. ಯಾವುದೋ ಹಳ್ಳಿಯ ಹುಡುಗಿ ತನ್ನಜ್ಜ ಭಜನೆಯಲ್ಲಿ ಹೇಳುವ ಹಾಗೆ ಹಾಡಿದರೆ ‘ಧಾಟಿ ತಪ್ಪಿದೆ’ ಅಂತ ಅಂಕ ಕಳೆದರು. ಮಾಸ್ತರೇ, ಬೇಜಾರು ಮಾಡಿಕೊಳ್ಳಬೇಡಿ, ಪ್ರತಿಭಾ ಕಾರಂಜಿಯಲ್ಲಿ ನೀವೂ ತೀರ್ಪುಗಾರರಾಗಿ ಕೂತಿರುತ್ತೀರಿ. ಒಂದು ಸಲವಾದರೂ ಹಾಗೆ ಅಂಕ ಕಳೆದಿದ್ದೀರಾ? ನಾನಂತೂ ಕಳೆದಿದ್ದೇನೆ. ನಮ್ಮೂರಿನ ಗಣಪತಿ ಪೆಂಡಾಲಿನಲ್ಲಿ ತೀರ್ಪುಗಾರನಾಗಿ ಕೂತಿದ್ದೆ. ಆ ಹುಡುಗಿಯ ಮುಖ ಮರೆತಿದೆ, ಅವಳು ಹಾಡಿದ ಧಾಟಿಯೂ ಮರೆತಿದೆ. ಹೋಗಿದ್ದೆಲ್ಲಿ ಅಂತ ಕೇಳಿದಿರಲ್ಲ, ಒಂದು ಧಾಟಿ ಹೋದದ್ದು ಹೀಗೆ.

ಹಾಗಾಗಿ ನಿಮ್ಮ ‘ಕಲಗಚ್ಚು’ ಮಾತನ್ನು ತಿರುಗಿಸಿ ನೋಡಿದರೆ, ನಮ್ಮ ಪಟ್ಟಿಯ ತಪ್ಪು ಜಾಸ್ತಿ ಬೆರೆಸಿದ್ದಲ್ಲ. ಸಾಕಷ್ಟು ಬೆರೆಸದೇ ಇದ್ದದ್ದು. ನಿಮ್ಮ ಪತ್ರ ಬಂದ ಮೇಲೆ ಆ ಪುಟವನ್ನು ಮತ್ತೆ ನೋಡಿದೆ. ಪಿ. ಕಾಳಿಂಗರಾಯರ ಹೆಸರಿದೆ. ವರ್ಷಗಟ್ಟಲೆ ಅವರ ಪಕ್ಕ ನಿಂತು ಹಾಡಿದ ಮೋಹನಕುಮಾರಿ, ಸೋಹನಕುಮಾರಿ ಇಲ್ಲ. ಅವರ ದನಿ ತೆಗೆದರೆ ಆ ಹಾಡುಗಳು ಅರ್ಧ ಖಾಲಿ. ಕೋಲಾಟದ ಪದದ ಮುಂದೆ, ಹಾಡಿದವರ ಹೆಸರು ಇರಬೇಕಾದ ಕಡೆ, ಬರೀ ‘ಜಾನಪದ’ ಅಂತಿದೆ. ಅದೇನು ಮನುಷ್ಯರ ಹೆಸರಾ? ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಸಾವಿರಗಟ್ಟಲೆ ನೆನಪಲ್ಲಿಟ್ಟುಕೊಂಡಿದ್ದರು. ಊರಿನಲ್ಲಿ ಸಾರಾಯಿ ವಿರುದ್ಧವೂ ನಿಂತವರು. 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಸುಕ್ರಜ್ಜಿ ಸುಕ್ರಜ್ಜಿ ಅಂದೆವು. ಪ್ರಶಸ್ತಿ ಬರುವ ತನಕ ಬಹಳ ಕಡೆ ಅವರೂ ‘ಜಾನಪದ’ವೇ ಆಗಿದ್ದರು. 2025ರ ಫೆಬ್ರವರಿಯಲ್ಲಿ ಅವರೂ ಹೋದರು. ಈಗ ನಾನು ಅವರನ್ನು ನೆನೆಯುತ್ತಿರುವುದೂ ನಿಮ್ಮ ಎರಡನೇ ತಕರಾರಿನ ಲೆಕ್ಕಕ್ಕೇ ಸೇರುತ್ತದೆ. ಸೇರಿಸಿಕೊಳ್ಳಿ.

ಇನ್ನು ನನ್ನ ಹಾಡು. ಜಾರಿಕೊಂಡದ್ದು ಜಾಣತನದಿಂದಲ್ಲ, ಸಂಕೋಚದಿಂದ. ಸಂಪಾದಕ ಅಂದರೆ ಮನ್ಸೂರರ ಯಾವುದೋ ಅಪರೂಪದ ರಾಗ ಹೇಳಬೇಕು ಅಂತ ಜನ ಕಾಯುತ್ತಾರೆ. ನನ್ನದು ‘ಗೆಜ್ಜೆ ಪೂಜೆ’ ಚಿತ್ರದ ‘ಗಗನವು ಎಲ್ಲೋ ಭೂಮಿಯು ಎಲ್ಲೋ’. ವಿಜಯಭಾಸ್ಕರ್ ಸಂಗೀತ, ಎಸ್. ಜಾನಕಿ ದನಿ. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಕಾಲಲ್ಲಿ ತುಳಿಯುವ ಮಿಶನ್ನು. ಗೂಡಿನಲ್ಲಿ ರೇಡಿಯೋ. ಕೋರಿಕೆಯ ಕಾರ್ಯಕ್ರಮದಲ್ಲಿ ಈ ಹಾಡು ಬಂದರೆ ಮಿಶನ್ನಿನ ಓಟ ತಾನಾಗಿ ನಿಧಾನ ಆಗುತ್ತಿತ್ತು. ಪಲ್ಲವಿಯ ಉದ್ದಕ್ಕೂ ಟಕಟಕ ಟಕಟಕ. ಚರಣ ಶುರುವಾದರೆ ಕಾಲು ನಿಲ್ಲುತ್ತಿತ್ತು. ಚರಣ ಮುಗಿದು ಪಲ್ಲವಿಗೆ ಬಂದರೆ ಮತ್ತೆ ಟಕಟಕ. ಕಾಲೇಜಿಗೆ ಹೋದ ಮೇಲೆ ಒಂದು ಹೋಟೆಲಿನಲ್ಲಿ ಅದೇ ಹಾಡು ಕೇಳಿದೆ. ಏನೋ ಕಡಿಮೆ ಅನ್ನಿಸಿತು. ತಬಲ ಬಿಟ್ಟುಹೋಗಿದೆಯಾ ಅಂತ ಕಿವಿ ನಿಮಿರಿಸಿದೆ. ಕಾಫಿ ಮುಗಿಯುವ ಹೊತ್ತಿಗೆ ಗೊತ್ತಾಯಿತು, ಬಿಟ್ಟುಹೋಗಿದ್ದು ಹೊಲಿಗೆ ಮಿಶನ್ನು. ಇದನ್ನು ಯಾವ ಪ್ರಕಾರಕ್ಕೆ ಸೇರಿಸಲಿ, ಎಷ್ಟನೇ ನಂಬರಿಗೆ ಇಡಲಿ? ಅದಕ್ಕೇ ಸುಮ್ನೆ ಇದ್ದೆ.

ಈಗ ನನ್ನದೊಂದು ಕೋರಿಕೆ. ನಿಮ್ಮ ಭಜನಾ ಮೇಳದ ಆ ಧಾಟಿಯನ್ನು ಮೊಬೈಲಿನಲ್ಲಾದರೂ ಹಿಡಿದು ಕಳಿಸಿಕೊಡಿ. ಸದ್ದು ಗಲಾಟೆ ಇದ್ದರೂ ಪರವಾಗಿಲ್ಲ, ನಾಯಿ ಬೊಗಳಿದರೂ ಇರಲಿ. ಕೇಳಿ ಅದರ ಬಗ್ಗೆ ಒಂದು ಪುಟ ಬರೆಸುತ್ತೇವೆ, ಯುಗಾದಿ ಸಂಚಿಕೆಗೇ. ಜೊತೆಗೆ ಒಂದು ಚೀಟಿಯಲ್ಲಿ ಹಾಡಿದವರ ಹೆಸರು, ತಾಳ ಹಾಕಿದವರ ಹೆಸರು, ಪೇಟಿ ಮಾಸ್ತರರ ಹೆಸರು, ದಮ್ಮಡಿ ಬಾರಿಸಿದ ಹುಡುಗನ ಹೆಸರು ಬರೆದಿಡಿ. ಅಕ್ಷರ ದುಂಡಗಿರಲಿ, ನಮ್ಮ ಹುಡುಗ ತಪ್ಪು ಓದುತ್ತಾನೆ.

ಸಂಪಾದಕ